ಫೋಟೊದಿಂದ ನಾನು ಅಳಿಸಿದ ದಿಬ್ಬ

ಬೆಂಗಳೂರಿನ ಫ್ರೇಜರ್ ಟೌನ್‌ನಲ್ಲಿ ಒಂದು ಸಣ್ಣ ಸ್ಟುಡಿಯೊ. ಅಲ್ಲಿ ಹಳೇ ಫೋಟೊ ಸರಿಮಾಡುವುದು ನನ್ನ ಕೆಲಸ. ಗೆದ್ದಲು ತಿಂದದ್ದು, ನೀರು ಬಿದ್ದದ್ದು, ಫ್ರೇಮಿನ ಗಾಜಿಗೇ ಅಂಟಿಕೊಂಡದ್ದು, ಎಲ್ಲಾ ಬರುತ್ತವೆ. ಸ್ಕ್ಯಾನ್ ಮಾಡಿ, ಕಲೆ ತೆಗೆದು, ಹೊಸ ಪ್ರಿಂಟ್ ಹಾಕಿ ಕೊಡುತ್ತೇನೆ.

ಕೆಲವು ವರ್ಷಗಳ ಹಿಂದೆ ಕೆಜಿಎಫ್ ಕಡೆಯ ಹಿರಿಯರೊಬ್ಬರು ಬಿಸ್ಕತ್ ಡಬ್ಬಿ ತುಂಬಾ ಫೋಟೊ ತಂದರು. ಅವರ ತಂದೆ, ತಾತ ಇಬ್ಬರೂ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಸಂಸಾರ ಬೆಂಗಳೂರಿಗೆ ಬಂದಿತ್ತು. ಒಂದು ಫೋಟೊದಲ್ಲಿ ಕಾರ್ಮಿಕರ ಲೈನ್ ಮನೆಗಳು. ಬಾಗಿಲ ಮುಂದೆ ಅವರ ಅಮ್ಮ, ನಾಲ್ಕು ಮಕ್ಕಳು. ಸೂರಿನ ಹಿಂದೆ ಮಬ್ಬಾದ ಒಂದು ಬಿಳಿ ಪಟ್ಟೆ. ಫಂಗಸ್ ಹಿಡಿದಿದೆ ಅಂದುಕೊಂಡೆ. ಅರ್ಧ ದಿನ ಕೂತು ಅದನ್ನು ತೆಗೆದು ತಿಳಿ ಆಕಾಶ ಮಾಡಿದೆ. ಚೆನ್ನಾಗಿ ಬಂತು ಅಂತ ಖುಷಿಯೂ ಆಯಿತು.

ಅವರು ಪ್ರಿಂಟ್ ಹಿಡಿದುಕೊಂಡು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ದಿಬ್ಬ ಎಲ್ಲಿ ಹೋಯ್ತಪ್ಪಾ?" ಅಂದರು.

"ಯಾವ ದಿಬ್ಬ ಸರ್?"

ಸೈನೈಡ್ ದಿಬ್ಬ. ಕೆಜಿಎಫ್ ನೋಡಿದವರಿಗೆ ಗೊತ್ತು. ಗಣಿಯಿಂದ ಬಂದ ಕಲ್ಲನ್ನು ಹಿಟ್ಟಿನ ಹಾಗೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆಯುತ್ತಿದ್ದರು. ಉಳಿದ ಪುಡಿಯನ್ನು ಒಂದು ಕಡೆ ಸುರಿಯುತ್ತಿದ್ದರು. ನೂರಕ್ಕೂ ಹೆಚ್ಚು ವರ್ಷ ಸುರಿದು ಸುರಿದು ಅವು ಗುಡ್ಡಗಳೇ ಆದವು. ಗಾಳಿ ಜಾಸ್ತಿಯಾದಾಗ ಆ ಪುಡಿ ಮನೆಯೊಳಗೆ ಬರುತ್ತದೆ, ಒಣಗಲು ಹಾಕಿದ ಬಟ್ಟೆ ಮೇಲೆ ಕೂರುತ್ತದೆ. ಒಳ್ಳೆಯದೇನಲ್ಲ ಅದು. ಆದರೆ ಆ ಹಿರಿಯರು ಹೇಳಿದ ಮಾತು ನನಗೆ ಈಗಲೂ ನೆನಪಿದೆ: "ನಮ್ಮಪ್ಪ ಕೆಳಗೆ ಒಡೆದು ಕಳಿಸಿದ ಕಲ್ಲೇ ಅಲ್ವಾ ಅದು?"

ಚಾಂಪಿಯನ್ ರೀಫ್ ಮೂರು ಕಿಲೋಮೀಟರ್‌ಗಿಂತ ಆಳ ಇಳಿದಿತ್ತು. ಕೆಳಗೆ ಸುಡುವ ಸೆಕೆ. ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವ ಭಯ ಬೇರೆ. ಅಲ್ಲಿಂದ ಮೇಲೆ ಬಂದ ಕಲ್ಲನ್ನು ನಾನು ಕಲೆ ಅಂತ ಒರೆಸಿಬಿಟ್ಟಿದ್ದೆ. ನನಗೆ ತುಂಬಾ ನೋವಾಯಿತು. ಪುಣ್ಯಕ್ಕೆ ಮೊದಲ ಸ್ಕ್ಯಾನ್ ಹಾಗೇ ಇತ್ತು. ದಿಬ್ಬವನ್ನು ಮತ್ತೆ ಕೂರಿಸಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಅವತ್ತಿನಿಂದ ಕೆಲಸದ ಕ್ರಮ ಬದಲಾಯಿಸಿದ್ದೇನೆ. ಮೌಸ್ ಮುಟ್ಟುವ ಮೊದಲು ಫೋಟೊ ತಂದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಒಂದೊಂದೇ ಚಿತ್ರ ದೊಡ್ಡದು ಮಾಡಿ, ಇದೇನು, ಇವರ್ಯಾರು ಅಂತ ಕೇಳುತ್ತೇನೆ. ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡುತ್ತೇನೆ. ಕೆಜಿಎಫ್ ಫೋಟೊಗಳ ಹಿಂದೆ ತಮಿಳು, ತೆಲುಗು, ಇಂಗ್ಲಿಷ್ ಎಲ್ಲಾ ಇರುತ್ತವೆ. ನನಗೆ ಓದಲು ಬಾರದಿದ್ದರೆ ಅಕ್ಕಪಕ್ಕದ ಅಂಗಡಿಯವರು ಓದಿ ಹೇಳುತ್ತಾರೆ. ಇದಕ್ಕೆಲ್ಲಾ ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ.

ಅದೇ ಹಿರಿಯರು ಮತ್ತೆ ತಾತನ ಫೋಟೊ ತಂದರು. ಗಣಿಗೆ ಇಳಿಯುವ ಬಾವಿ, ಅಂದರೆ ಶಾಫ್ಟ್ ಹತ್ತಿರ ನಿಂತ ಹತ್ತಾರು ಜನ. 1895ರದ್ದು ಅಂತ ಮನೆಯಲ್ಲಿ ಹೇಳುತ್ತಿದ್ದರಂತೆ. ಇಬ್ಬರೂ ಕೂತು ನೋಡುವಾಗ ಎಡ ಅಂಚಿನ ಗೋಡೆಯಲ್ಲಿ ಒಂದು ಬಲ್ಬ್ ಕಂಡಿತು. ಶಿವನಸಮುದ್ರದ ಕರೆಂಟು ಕೆಜಿಎಫ್‌ಗೆ ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ, ಕೆಜಿಎಫ್‌ಗಿಂತ ಮೂರು ವರ್ಷ ಆಮೇಲೆ. ಹಾಗಾದರೆ ಫೋಟೊ 1902ರ ನಂತರದ್ದೇ ಇರಬೇಕು ಅಂತ ನಾವಿಬ್ಬರೂ ಅಂದಾಜು ಮಾಡಿದೆವು. ಆ ಅಂಚು ಹರಿದಿತ್ತು, ಅರ್ಧ ಮಾಸಿತ್ತು. ಹಿಂದೆ ಆಗಿದ್ದರೆ ಅದನ್ನು ಕತ್ತರಿಸಿ ಚಿತ್ರ ಚೊಕ್ಕ ಮಾಡುತ್ತಿದ್ದೆ. ಈ ಸಲ ಹರಿದ ಅಂಚನ್ನೂ ಸೇರಿಸಿಯೇ ಪ್ರಿಂಟ್ ಹಾಕಿದೆ. ಅವರು ಪ್ರಿಂಟಿನ ಹಿಂಬದಿಗೆ ಪೆನ್ಸಿಲ್‌ನಲ್ಲಿ ತಾತನ ಹೆಸರು ಬರೆದು, ಜೇಬಿನಲ್ಲಿಟ್ಟುಕೊಂಡು ಹೋದರು.