12.2ಕ್ಕಿಂತ 16 ದೊಡ್ಡದು ಅಂದುಕೊಂಡಿದ್ದೆ

ಹಳೇ ಧ್ವನಿಮುದ್ರಣಗಳನ್ನು ಈಗಿನ ಕಂಪ್ಯೂಟರಿನಲ್ಲಿ ಕೇಳುವ ಹಾಗೆ ಮಾಡಿಕೊಡುವುದು ನನ್ನ ಕೆಲಸ. ಕ್ಯಾಸೆಟ್ ತರುವವರು ಇದ್ದೇ ಇದ್ದಾರೆ. ಆದರೆ ಈಚೆಗೆ ಹೆಚ್ಚು ಬರುತ್ತಿರುವುದು ಹದಿನೈದು, ಇಪ್ಪತ್ತು ವರ್ಷದ ಹಿಂದಿನ ಮೊಬೈಲಿನ ಎಎಂಆರ್ ಫೈಲು, ಇನ್ನೂ ಹಳೆಯ ರಿಯಲ್‌ಆಡಿಯೊ ಫೈಲು. ಕ್ಲಿಕ್ ಮಾಡಿದರೆ ಸದ್ದೇ ಬರುವುದಿಲ್ಲ. ಕೆಟ್ಟುಹೋಗಿದೆ ಎಂದು ಎಷ್ಟೋ ಜನ ಅಳಿಸಿಬಿಡುತ್ತಾರೆ. ಬಹಳ ಸಲ ಫೈಲು ನೆಟ್ಟಗೇ ಇರುತ್ತದೆ, ಅದನ್ನು ಬಿಚ್ಚಬಲ್ಲ ಕೊಡೆಕ್, ಅಂದರೆ ಸದ್ದನ್ನು ಕುಗ್ಗಿಸಿ ಮತ್ತೆ ಬಿಚ್ಚುವ ತಂತ್ರಾಂಶ, ಆ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಅಷ್ಟೇ.

ನಿವೃತ್ತ ಮೇಷ್ಟ್ರೊಬ್ಬರು ತಮ್ಮ ತಾಯಿಯಿಂದ ಬೀಸುವ ಪದ, ಸೋಬಾನೆ ಪದ ಹಾಡಿಸಿ ಫೋನಿನಲ್ಲಿ ಮುದ್ರಿಸಿಕೊಂಡಿದ್ದರು. 43 ಎಎಂಆರ್ ಫೈಲುಗಳು. ಅವುಗಳ ಬಿಟ್‌ರೇಟು, ಅಂದರೆ ಒಂದು ಸೆಕೆಂಡಿನ ಸದ್ದನ್ನು ಬರೆದಿಡಲು ಬಳಸಿದ ಮಾಹಿತಿ, 12.2 ಕಿಲೋಬಿಟ್. 16 ಕಿಲೋಬಿಟ್ಟಿನ ಎಂಪಿ3 ಮಾಡಿದರೆ ಧಾರಾಳವಾಯಿತು, ಹೇಗೂ ಮೂಲಕ್ಕಿಂತ ದೊಡ್ಡದೇ ಅಲ್ಲವೇ ಎಂದು ಲೆಕ್ಕ ಹಾಕಿದೆ. ಒಂದೇ ಸಂಜೆಯಲ್ಲಿ ಎಲ್ಲವನ್ನೂ ಪರಿವರ್ತಿಸಿ, ನನ್ನ ಕಡೆ ಇದ್ದ ಮೂಲ ಪ್ರತಿಗಳನ್ನು ಅಳಿಸಿದೆ.

ಮರುದಿನ ಹೆಡ್‌ಫೋನ್ ಹಾಕಿ ಕೇಳಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಸಾಲಿನ ಕೊನೆಗೆ ಆ ತಾಯಿ ಎಳೆಯುವ ದನಿ ನೀರಿನೊಳಗಿಂದ ಬಂದ ಹಾಗಿತ್ತು. ಬೀಸುಕಲ್ಲಿನ ಗರಗರ ತುಂಡುತುಂಡಾಗಿತ್ತು. ಬೀಸುವ ಪದಕ್ಕೆ ತಾಳ ಅಂತ ಇರುವುದೇ ಆ ಗರಗರ.

ಎರಡು ಕೊಡೆಕ್‌ಗಳ ಕಿಲೋಬಿಟ್ ಒಂದೇ ತಕ್ಕಡಿಯಲ್ಲಿ ತೂಗುವಂಥದ್ದಲ್ಲ ಎಂದು ನನಗೆ ಆಗ ಅರ್ಥವಾಗಿದ್ದು. ಎಎಂಆರ್ ಹುಟ್ಟಿದ್ದು ಮೊಬೈಲ್ ಕರೆಗಾಗಿ. ಮಾತನ್ನು 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸಿ, ಗಂಟಲು, ಬಾಯಿ ಆ ಸದ್ದನ್ನು ಹೇಗೆ ಹೊರಡಿಸಿರಬಹುದು ಎಂಬ ವಿವರವನ್ನಷ್ಟೇ ಬರೆದಿಡುತ್ತದೆ. ಎಂಪಿ3 ನೋಡುವುದು ಕಿವಿಯ ಕಡೆಯಿಂದ. ಕೇಳುವವರಿಗೆ ಗೊತ್ತಾಗದು ಅನಿಸಿದ್ದನ್ನು ಬಿಸಾಡುತ್ತದೆ. ಮೊದಲೇ ಸೊರಗಿದ ಸದ್ದನ್ನು ಇಷ್ಟು ಕಡಿಮೆ ಬಿಟ್‌ರೇಟಿನ ಎಂಪಿ3 ಕೈಗೆ ಕೊಟ್ಟರೆ ಉಳಿದಿದ್ದರಲ್ಲೂ ಒಂದಷ್ಟು ಹೋಗುತ್ತದೆ.

ಮೇಷ್ಟ್ರಿಗೆ ಫೋನ್ ಮಾಡಿ ನನ್ನ ತಪ್ಪು ಹೇಳಿಕೊಂಡೆ. "ಮೇಷ್ಟ್ರೇ, ಆ ಫೋನಿನ ಮೆಮೊರಿ ಕಾರ್ಡು ಇನ್ನೂ ಇದೆಯಾ?"

"ಟ್ರಂಕಿನಲ್ಲಿ ಇಟ್ಟಿದೀನಿ ಕಣಪ್ಪ. ಅದನ್ನ ಯಾಕೆ ಬಿಸಾಡ್ಲಿ?"

ಎರಡನೇ ಸಲ ಕಾರ್ಡಿನ ಪ್ರತಿ ತೆಗೆದು ಎರಡು ಕಡೆ ಇಟ್ಟ ಮೇಲೇ ಕೆಲಸ ಶುರು. ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತಕ ತಂತ್ರಾಂಶದಿಂದ ಎಲ್ಲವನ್ನೂ ವೇವ್, ಅಂದರೆ ಕುಗ್ಗಿಸದ ಫೈಲು, ಮಾಡಿದೆ: 16 ಬಿಟ್, 8000 ಹರ್ಟ್ಸ್ (ಸದ್ದನ್ನು ಸೆಕೆಂಡಿಗೆ 8000 ಸಲ ಅಳೆದದ್ದು), ಮೋನೊ. ಒಂದು ಗಂಟೆಯ ಎಎಂಆರ್ ಸುಮಾರು 5.76 ಎಂಬಿ ಇದ್ದರೆ ವೇವ್ 57.6 ಎಂಬಿ, ಸರಿಯಾಗಿ ಹತ್ತು ಪಟ್ಟು. ಇದರಿಂದ ದನಿ ಗುಲಗಂಜಿಯಷ್ಟೂ ಉತ್ತಮವಾಗುವುದಿಲ್ಲ, ಆದರೆ ಇದ್ದದ್ದು ಇದ್ದ ಹಾಗೆ ಉಳಿಯುತ್ತದೆ. 44,100 ಹರ್ಟ್ಸಿಗೆ ಏರಿಸಿ ಕೊಡಿ ಎನ್ನುವವರಿದ್ದಾರೆ, ನಾನು ಏರಿಸುವುದಿಲ್ಲ. 8000 ಹರ್ಟ್ಸಿನಲ್ಲಿ ಮುದ್ರಿಸಿದ್ದರಲ್ಲಿ ಅದರ ಅರ್ಧ, 4000 ಹರ್ಟ್ಸಿಗಿಂತ ಮೇಲಿನ ಸ್ವರದ ಸದ್ದು ಇರುವುದೇ ಇಲ್ಲ. ಸಕಾರದ ಸುಯ್ಲು ಬಹುಪಾಲು ಇರುವುದು ಅಲ್ಲಿಯೇ. ಹಾಡಿದವರು 'ಶಿವ' ಎಂದರೋ 'ಸಿವ' ಎಂದರೋ ಎಂದು ಇಂಥ ಫೈಲು ಕೇಳಿ ಯಾರೂ ತೀರ್ಮಾನಿಸಬಾರದು. ಪದ ಬರೆದುಕೊಳ್ಳುವವರಿಗೆ ಈ ಮಾತನ್ನು ಪ್ರತಿ ಸಲ ಹೇಳುತ್ತೇನೆ.

ಫೈಲು ಯಾವ ಬಗೆಯದು ಎಂದು ಹೇಳುವ, ಅದರ ಹೆಸರಿನ ಕೊನೆಯ ಅಕ್ಷರಗಳನ್ನೂ ನಂಬುವುದು ಬಿಟ್ಟಿದ್ದೇನೆ. ಬಾಲವೇ ಇಲ್ಲದ ಒಂದು ಫೈಲು ಸಿಕ್ಕಿತ್ತು. ಟೆಕ್ಸ್ಟ್ ಎಡಿಟರಿನಲ್ಲಿ ತೆರೆದರೆ ಮೊದಲಿಗೇ ಹ್ಯಾಷ್ ಗುರುತು, ಆಶ್ಚರ್ಯಸೂಚಕ, ಆಮೇಲೆ ಎಎಂಆರ್ ಎಂಬ ಮೂರು ಅಕ್ಷರ. ಒಳಗೆ ಪೂರ್ತಿ ಒಂದು ಸೋಬಾನೆ ಪದ.

ಎಲ್ಲವೂ ಹೀಗೆ ಸಿಗಲಿಲ್ಲ. ಮೇಷ್ಟ್ರ ಬಂಧುವೊಬ್ಬರು 2001ರಲ್ಲಿ ಅಮೆರಿಕದಲ್ಲಿದ್ದಾಗ ಆ ತಾಯಿಯ ಎರಡು ಹಾಡನ್ನು ರಿಯಲ್‌ಆಡಿಯೊ ಮಾಡಿ ತಮ್ಮ ವೆಬ್‌ಸೈಟಿನಲ್ಲಿ ಹಾಕಿದ್ದರಂತೆ. 1995ರಲ್ಲಿ ಬಂದ ರಿಯಲ್‌ಆಡಿಯೊ ಮೋಡೆಮ್ಮಿನ ಕಾಲದಲ್ಲಿ ಇಂಟರ್ನೆಟ್ಟಿನಲ್ಲಿ ಸದ್ದು ಕೇಳಿಸುವ ಬಹಳ ಜನಪ್ರಿಯ ವಿಧಾನ. ಅದರ ಹಳೆಯ ಕೊಡೆಕ್‌ಗಳನ್ನೂ ಎಫ್‌ಎಫ್‌ಎಂಪೆಗ್ ಇವತ್ತಿಗೂ ಬಿಚ್ಚುತ್ತದೆ. ಆದರೆ ಮೇಷ್ಟ್ರ ಸಿಡಿಯಲ್ಲಿ ಇದ್ದದ್ದು ಆರ್‌ಎಎಂ ಎಂದು ಕೊನೆಗೊಳ್ಳುವ ಎರಡು ಫೈಲು, ಒಂದೊಂದೂ ನೂರು ಬೈಟಿನೊಳಗೆ. ಆರ್‌ಎಎಂ ಫೈಲಿನಲ್ಲಿ ಸದ್ದು ಇರುವುದಿಲ್ಲ, ಸದ್ದು ಎಲ್ಲಿದೆ ಎಂಬ ಒಂದು ಸಾಲಿನ ವಿಳಾಸ ಇರುತ್ತದೆ. ಆ ಸರ್ವರ್ ಯಾವತ್ತೋ ಹೋಗಿದೆ. ಇಪ್ಪತ್ತು ವರ್ಷ ಅವರು ಜೋಪಾನ ಮಾಡಿದ್ದು ಬರೀ ವಿಳಾಸ.

ಅದನ್ನು ಅವರಿಗೆ ಹೇಳುವುದು ಕಷ್ಟವಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಎರಡೂ ಪದ ನನಗೆ ಬಾಯಿಗೆ ಬರುತ್ತೆ. ಬರೆದು ಕಳಿಸ್ಲಾ?" ಅಂದರು.

"ಬರೀಬೇಡಿ ಮೇಷ್ಟ್ರೇ, ನಾನೇ ಬರ್ತೀನಿ. ಹಾಡಿ" ಅಂದೆ. ಭಾನುವಾರ ರೆಕಾರ್ಡರ್ ಹಿಡಿದು ಹೋದೆ. 24 ಬಿಟ್, 48,000 ಹರ್ಟ್ಸ್, ವೇವ್. ಅವರು ಹಿತ್ತಿಲಿನಿಂದ ಬೀಸುಕಲ್ಲನ್ನೂ ತರಿಸಿಟ್ಟಿದ್ದರು.