ನಿಮ್ದು ಯಾವ ಜನ?

ತಮ್ಮನಿಗೆ ಬೆಂಗಳೂರಿನ ವಿಜಯನಗರದ ಕಡೆ ಬಾಡಿಗೆ ಮನೆ ಹುಡುಕುತ್ತಿದ್ದೇವೆ. "ಸಸ್ಯಾಹಾರಿಗಳಿಗೆ ಮಾತ್ರ" ಅಂತ ಬೋರ್ಡ್ ಹಾಕಿದವರೇ ವಾಸಿ, ಮೆಟ್ಟಿಲು ಹತ್ತುವ ಶ್ರಮ ಉಳಿಯುತ್ತದೆ. ಉಳಿದವರು ಮನೆಯೆಲ್ಲ ತೋರಿಸಿ, ಸಂಪು, ಬೋರ್‌ವೆಲ್, ಕಾವೇರಿ ನೀರು ಯಾವಾಗ ಬರುತ್ತದೆ ಅಂತೆಲ್ಲ ಹೇಳಿ, ಕೊನೆಗೆ ಬಾಗಿಲ ಹತ್ತಿರ ಮೆಲ್ಲಗೆ ಕೇಳುತ್ತಾರೆ: "ತಪ್ಪು ತಿಳ್ಕೋಬೇಡಿ, ನಿಮ್ದು ಯಾವ ಜನ?" ಇದರಲ್ಲಿ ಸರಿ ತಿಳ್ಕೊಳ್ಳೋಕೆ ಏನಿದೆ ಸ್ವಾಮಿ! ಉತ್ತರ ಕೇಳಿದ ಮೇಲೆ, "ಮನೆಯವರನ್ನ ಕೇಳಿ ಫೋನ್ ಮಾಡ್ತೀವಿ." ಫೋನ್ ಬರುವುದಿಲ್ಲ.

ಅದನ್ನು ದಾಟಿದರೆ ಅಡ್ವಾನ್ಸ್. 18 ಸಾವಿರ ಬಾಡಿಗೆಗೆ 10 ತಿಂಗಳ ಲೆಕ್ಕ ಅಂದರೆ 1.8 ಲಕ್ಷ. ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗ ಎಲ್ಲಿಂದ ತರಬೇಕು? ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಬೇರೆ ಖೋತಾ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ 2 ತಿಂಗಳಿಗಿಂತ ಜಾಸ್ತಿ ಡೆಪಾಸಿಟ್ ಬೇಡ ಅನ್ನುತ್ತದೆ. ಆದರೆ ಅದು ಬರೀ ಮಾದರಿ. ರಾಜ್ಯ ತಾನೇ ಕಾನೂನು ಮಾಡಿಕೊಂಡರಷ್ಟೇ ಲೆಕ್ಕಕ್ಕೆ.

ಜಾತಿ, ಧರ್ಮ ನೋಡಿ ಭೇದ ಮಾಡಬೇಡಿ ಅನ್ನುವ ಸಂವಿಧಾನದ 15ನೇ ವಿಧಿಯೂ ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತದೆ, ಮೇಲಿನ ಮಹಡಿಯ ಓನರನ್ನಲ್ಲ. ಅಹಮದಾಬಾದಿನ ಒಂದು ಪಾರ್ಸಿ ಹೌಸಿಂಗ್ ಸೊಸೈಟಿ ತನ್ನವರಿಗೆ ಮಾತ್ರ ಸದಸ್ಯತ್ವ ಅಂದಾಗ, 2005ರಲ್ಲಿ ಸುಪ್ರೀಂ ಕೋರ್ಟೇ ಸೈ ಅಂದಿತ್ತು.

ಓನರ್‌ಗಳ ಭಯವೂ ಸುಳ್ಳಲ್ಲ ಬಿಡಿ. ಬಾಡಿಗೆ ಕೊಡದೆ ಕೂತವರನ್ನು ಎಬ್ಬಿಸಲು ಕೋರ್ಟಿಗೆ ಅಲೆಯಬೇಕು. ಆದರೆ ಮೀನು ಸಾರಿಗೂ ಬಾಡಿಗೆ ಬಾಕಿಗೂ ಏನು ಸಂಬಂಧ?

ನಾಗರಭಾವಿ ಕಡೆ ಮನೆ ಖಾಲಿ ಇದ್ದರೆ ಮೆಸೇಜ್ ಮಾಡಿ. ಒಂದು ಬೆಡ್‌ರೂಮ್ ಸಾಕು. ಹುಡುಗ ಭಾನುವಾರ ಮೀನು ತಿಂತಾನೆ, ಈಗಲೇ ಹೇಳಿಬಿಟ್ಟಿದ್ದೇನೆ.