ಒಂದು ವರ್ಷಕ್ಕೆ ಎಷ್ಟು ಮೇಷ್ಟ್ರು?

2024ರ ಡಿಸೆಂಬರ್ 26ರ ಗುರುವಾರ ರಾತ್ರಿ ನಮ್ಮ ಶಿಕಾಗೋ ಬೇರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಸಿಯಾಟಲ್ ಎದುರು 6-3ರಿಂದ ಸೋತಿತು. ಅದು ಸತತ ಹತ್ತನೆಯ ಸೋಲಾಗಿತ್ತು. ಕೊನೆಯ ಗಳಿಗೆಯಲ್ಲಿ ಕ್ಯಾಲೆಬ್ ವಿಲಿಯಮ್ಸ್ ಎಸೆದ ಚೆಂಡು ಎದುರಾಳಿಯ ಕೈಸೇರಿದಾಗ, ಇಡೀ ದೇಶದ ಕಾಲೇಜು ಆಟಗಾರರ ಪೈಕಿ ಮೊದಲನೆಯವನಾಗಿ ಆರಿಸಿ ತಂದ ಹುಡುಗನ ಹಣೆಬರಹ ಇಷ್ಟೇ ಎಂದು ನಾನು ಬೇಸರದಿಂದ ಗೊಣಗಿಕೊಂಡೆ. ಪಕ್ಕದಲ್ಲಿ ರಗ್ಗು ಹೊದ್ದು ಕುಳಿತಿದ್ದ ನನ್ನ ಹನ್ನೊಂದು ವರ್ಷದ ಮಗಳು ಟಿವಿಯಿಂದ ಕಣ್ಣು ತೆಗೆಯದೆ ಕೇಳಿದಳು: "ಅಪ್ಪಾ, ಅವನಿಗೆ ಈ ವರ್ಷ ಎಷ್ಟು ಜನ ಟೀಚರ್ ಬದಲಾದ್ರು ಅಂತ ನೀನು ಯಾಕೆ ಕೇಳಲ್ಲ?"

ಈ ಪ್ರಶ್ನೆ ನನ್ನನ್ನು ಯಾಕೆ ಚುಚ್ಚಿತೆಂದು ಹೇಳುವ ಮೊದಲು ಆಟದ ಬಗ್ಗೆ ಎರಡು ಮಾತು ಹೇಳಬೇಕು. ಇಲ್ಲಿನ ಫುಟ್‌ಬಾಲಿನಲ್ಲಿ ಚೆಂಡಿಗೆ ಕಾಲು ತಾಗುವುದೇ ಅಪರೂಪ. ಕ್ವಾರ್ಟರ್‌ಬ್ಯಾಕ್ ಎನ್ನುವವನು (ವಿಲಿಯಮ್ಸನ ಕೆಲಸ ಇದೇ) ಚೆಂಡು ಹಿಡಿದು ಹಿಂದೆ ಸರಿಯುತ್ತಾನೆ, ಐದು ಜನ ದಢೂತಿಗಳು ಅವನ ಮುಂದೆ ಗೋಡೆಯಂತೆ ನಿಂತು ಮೈಮೇಲೆ ಬೀಳುವವರನ್ನು ತಡೆಯುತ್ತಾರೆ, ಹೀಗೆ ದಕ್ಕುವ ಎರಡು ಮೂರು ಸೆಕೆಂಡುಗಳಲ್ಲಿ ಅವನು ದೂರ ಓಡುತ್ತಿರುವ ಜೊತೆಗಾರನಿಗೆ ಎಸೆಯಬೇಕು. ಆ ಜೊತೆಗಾರ ಇರುವ ಜಾಗಕ್ಕೆ ಎಸೆದರೆ ಪ್ರಯೋಜನವಿಲ್ಲ. ಅವನು ಇನ್ನೂ ತಲುಪದ, ಮುಂದಿನ ಕ್ಷಣದಲ್ಲಿ ತಲುಪಲಿರುವ ಜಾಗಕ್ಕೆ ಎಸೆಯಬೇಕು. ಈ ಹೊಂದಾಣಿಕೆ ತಿಂಗಳುಗಟ್ಟಲೆ ಒಬ್ಬರೇ ಗುರುವಿನ ಕೈಕೆಳಗೆ ತಾಲೀಮು ಮಾಡಿದರೆ ಮಾತ್ರ ಬರುತ್ತದೆ, ಏಕೆಂದರೆ ಪ್ರತಿಯೊಬ್ಬ ಕೋಚ್ ತನ್ನದೇ ಸಂಕೇತಭಾಷೆಯನ್ನು, ಹೆಜ್ಜೆಯ ಲೆಕ್ಕವನ್ನು ತರುತ್ತಾನೆ. ಗುರು ಬದಲಾದರೆ ಹುಡುಗ ಅಕ್ಷರಾಭ್ಯಾಸದಿಂದಲೇ ಆರಂಭಿಸಬೇಕಾಗುತ್ತದೆ.

ವಿಲಿಯಮ್ಸನಿಗೆ ಆದದ್ದು ಅದೇ. ದಾಳಿಯ ಆಟವನ್ನು ನಡೆಸುತ್ತಿದ್ದ ಶೇನ್ ವಾಲ್ಡ್ರನ್ ಅವರನ್ನು ನವೆಂಬರ್ 12ರಂದು ತೆಗೆದರು. ಪಾಸಿಂಗ್, ಅಂದರೆ ಚೆಂಡೆಸೆತದ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಥಾಮಸ್ ಬ್ರೌನ್ ಆ ಜಾಗಕ್ಕೆ ಬಂದರು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಡೆಟ್ರಾಯಿಟ್ ವಿರುದ್ಧ ಮೂರು ಅಂಕ ಹಿಂದಿದ್ದಾಗ, ಗಡಿಯಾರ ನಿಲ್ಲಿಸಬಲ್ಲ ಒಂದು ಟೈಮ್‌ಔಟ್ ಕೈಯಲ್ಲಿ ಉಳಿದಿದ್ದರೂ ಅದನ್ನು ಬಳಸದೆ ಗಡಿಯಾರ ಓಡಲು ಬಿಟ್ಟ ಮುಖ್ಯ ಕೋಚ್ ಮ್ಯಾಟ್ ಎಬರ್‌ಫ್ಲಸ್ ಮರುದಿನವೇ ಮನೆಗೆ ಹೋದರು, ಮತ್ತು ಅದೇ ಬ್ರೌನ್ ಹದಿನೇಳು ದಿನಗಳಲ್ಲಿ ಎರಡನೆಯ ಬಡ್ತಿ ಪಡೆದು ಹಂಗಾಮಿ ಮುಖ್ಯ ಕೋಚ್ ಆದರು. ಈ ಗೊಂದಲದ ನಡುವೆ ಹುಡುಗ 3,541 ಗಜ ಎಸೆದ, ಆದರೆ ಚೆಂಡು ಕೈಬಿಡುವ ಮೊದಲೇ 68 ಸಲ ನೆಲಕ್ಕುರುಳಿದ. ನಾನು ಲೆಕ್ಕವಿಟ್ಟದ್ದು ಗಜಗಳನ್ನು. ಮಗಳು ನೋಡಿದ್ದು ಅವನು ಬೀಳುವುದನ್ನು.

ಇದು ಈ ತಂಡದ ಹಳೆಯ ಚಾಳಿ. 2017ರಲ್ಲಿ ಕ್ವಾರ್ಟರ್‌ಬ್ಯಾಕ್ ಟ್ರುಬಿಸ್ಕಿಯನ್ನು ತಂದರು, ಅದೇ ಋತುವಿನ ಕೊನೆಗೆ ಕೋಚ್ ಜಾನ್ ಫಾಕ್ಸ್ ಹೊರಗೆ. 2021ರಲ್ಲಿ ಜಸ್ಟಿನ್ ಫೀಲ್ಡ್ಸನನ್ನು ತಂದರು, ಆ ಋತು ಮುಗಿಯುತ್ತಿದ್ದಂತೆ ಮ್ಯಾಟ್ ನೇಗಿ ಹೊರಗೆ. ಹೋಗುವ ದಾರಿಯಲ್ಲಿರುವ ಮೇಷ್ಟರ ಕೈಗೆ ಹೊಸ ವಿದ್ಯಾರ್ಥಿಯನ್ನು ಒಪ್ಪಿಸಿ, ಆಮೇಲೆ ವಿದ್ಯಾರ್ಥಿ ದಡ್ಡನೆಂದು ತೀರ್ಪು ಕೊಡುವುದು ಇಲ್ಲಿ ಮೂರು ಬಾರಿ ನಡೆದಿದೆ. ಲೀಗಿನ 32 ತಂಡಗಳಲ್ಲಿ ಒಂದೇ ಋತುವಿನಲ್ಲಿ 4,000 ಗಜ ಎಸೆದ ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡ ಬೇರ್ಸ್ ಒಂದೇ. ಎರಿಕ್ ಕ್ರೇಮರ್ 1995ರಲ್ಲಿ ಮಾಡಿದ 3,838 ಗಜಗಳೇ 2024ರವರೆಗೂ ಇವರ ದಾಖಲೆಯಾಗಿತ್ತು.

1995 ಎಂದೊಡನೆ ನನಗೆ ಬೇರೆಯದೇ ನೆನಪಾಗುತ್ತದೆ. ಕ್ರೇಮರ್ ಇಲ್ಲಿ ಚೆಂಡು ಎಸೆಯುತ್ತಿದ್ದ ಕಾಲಕ್ಕೆ ನಾನು ತಿಪಟೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ಜುಲೈಯಲ್ಲಿ ಗಣಿತದ ಮೇಷ್ಟರಿಗೆ ವರ್ಗವಾಯಿತು. ಆಮೇಲೆ ಇನ್ನೊಂದು ಶಾಲೆಯಿಂದ ನಿಯೋಜನೆಯ ಮೇಲೆ ಒಬ್ಬರು ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ಬಂದು, ಬಸ್ಸಿನ ಹೊತ್ತಿಗೆ ಸರಿಯಾಗಿ ಎದ್ದು ಹೋಗುತ್ತಿದ್ದರು. ಡಿಸೆಂಬರ್‌ನಲ್ಲಿ ಬಂದ ಮೂರನೆಯವರು ಹಿಂದಿನವರು ಮಾಡಿದ್ದೆಲ್ಲ ತಪ್ಪು ಕ್ರಮವೆಂದು ಹೇಳಿ ರೇಖಾಗಣಿತವನ್ನು ಮೊದಲಿನಿಂದ ಹಿಡಿದರು. ನನಗೆ ಬಂದದ್ದು 47 ಅಂಕ. ಅಪ್ಪ ಅಂಕಪಟ್ಟಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಡುತ್ತಾ, "ಮೇಷ್ಟ್ರು ಬಂದ್ರೇನು, ಹೋದ್ರೇನು, ಪುಸ್ತಕ ಎಲ್ಲೂ ಹೋಗಿರ್ಲಿಲ್ವಲ್ಲ" ಎಂದರು. ಬಿಇಓ ಕಚೇರಿಗೆ ಹೋಗಿ, ಹತ್ತನೆಯ ತರಗತಿಗೆ ನಡುವರ್ಷದಲ್ಲಿ ಮೇಷ್ಟರನ್ನು ಏಕೆ ಕಿತ್ತಿರಿ ಎಂದು ಊರಿನ ಒಬ್ಬರೂ ಕೇಳಲಿಲ್ಲ. ನಮಗೂ ಅದು ಕೇಳಬಹುದಾದ ಪ್ರಶ್ನೆಯೆಂದು ತೋಚಿರಲಿಲ್ಲ. ಮೂವತ್ತು ವರ್ಷಗಳ ತರುವಾಯ ನಾನು ಅಪ್ಪನ ಅದೇ ದನಿಯಲ್ಲಿ ಪರದೇಶದ ಹುಡುಗನೊಬ್ಬನ ಅಂಕಪಟ್ಟಿ ಓದುತ್ತಿದ್ದೆ.

ಇಲ್ಲಿನವರು ಮಾತ್ರ ಪ್ರಶ್ನೆಯನ್ನು ತಕ್ಕ ಜಾಗಕ್ಕೇ ಒಯ್ದರು. ಸಿಯಾಟಲ್ ಪಂದ್ಯದ ದಿನ ನಮ್ಮ ತಂಡದ ಮೈದಾನವಾದ ಸೋಲ್ಜರ್ ಫೀಲ್ಡಿನಲ್ಲಿ ನೆರೆದಿದ್ದ ಜನ ತಂಡವನ್ನು ಮಾರಿಬಿಡಿ ಎಂದು ಮಾಲೀಕರಿಗೇ ಕೇಳುವಂತೆ ಕೂಗಿದರು. 2025ರ ಜನವರಿ 5ರಂದು, ಸ್ಥಾಪಕ ಜಾರ್ಜ್ ಹಾಲಸ್ ಅವರ ಮಗಳೂ ಆಗಿನ ಮಾಲೀಕರೂ ಆಗಿದ್ದ ವರ್ಜೀನಿಯಾ ಮೆಕ್ಯಾಸ್ಕಿ 102 ತುಂಬಿದ ದಿನ, ತಂಡ ಗ್ರೀನ್ ಬೇಯನ್ನು 24-22ರಿಂದ ಸೋಲಿಸಿ ಋತುವನ್ನು ಐದು ಗೆಲುವು, ಹನ್ನೆರಡು ಸೋಲುಗಳೊಂದಿಗೆ ಮುಗಿಸಿತು. ಆಮೇಲೆ ಕೋಚ್ ಹುಡುಕಾಟದ್ದೇ ಒಂದು ಜಾತ್ರೆ. ಎಪ್ಪತ್ತಮೂರರ ಪೀಟ್ ಕ್ಯಾರೊಲ್, ನಮ್ಮ 1985ರ ಚಾಂಪಿಯನ್ ತಂಡದಲ್ಲಿದ್ದ ರಾನ್ ರಿವೇರಾ, ಸಂದರ್ಶನ ಕೊಟ್ಟು ಕೆಲವೇ ದಿನಗಳಲ್ಲಿ ನ್ಯೂ ಇಂಗ್ಲೆಂಡ್ ತಂಡದ ಪಾಲಾದ ಮೈಕ್ ವ್ರೇಬಲ್, ಹೀಗೆ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಕರೆದು ಮಾತಾಡಿಸಿದರು. ಒಂದು ಗಂಡಿಗೆ ಇಷ್ಟೊಂದು ಹೆಣ್ಣು ನೋಡಿದ್ದನ್ನು ನಾನು ನಮ್ಮ ಕಡೆಯೂ ಕಂಡಿಲ್ಲ.

ಕೊನೆಗೆ ಒಲಿದವರು ಡೆಟ್ರಾಯಿಟಿನ ದಾಳಿಯ ಆಟವನ್ನು ರೂಪಿಸಿದ್ದ ಬೆನ್ ಜಾನ್ಸನ್. ಕಾಲೇಜಿನಲ್ಲಿ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನ ಓದಿದವರೆಂದು ತಿಳಿದಾಗ ನನ್ನಂಥ ಸಾಫ್ಟ್‌ವೇರ್ ಗುಮಾಸ್ತನಿಗೂ ಒಂದು ಬಗೆಯ ಹೆಮ್ಮೆ ಎನಿಸಿತು. ಅವರ ಕೈಯಲ್ಲಿ ಡೆಟ್ರಾಯಿಟ್ ಆ ಋತುವಿನಲ್ಲಿ 564 ಅಂಕ ಗಳಿಸಿ ಲೀಗಿಗೇ ಮೊದಲಾಯಿತು, ಅಲ್ಲಿನ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ 4,629 ಗಜ ಎಸೆದರು, ಮತ್ತು ಅವರು ನೆಲಕ್ಕುರುಳಿದ್ದು ನಮ್ಮ ಹುಡುಗನ ಲೆಕ್ಕದ ಅರ್ಧಕ್ಕಿಂತ ಕಡಿಮೆ ಸಲ. ಜಾನ್ಸನ್ನರ ಕುಚೇಷ್ಟೆಯನ್ನು ನಾವು ಸ್ವತಃ ಉಂಡಿದ್ದೇವೆ: ಡಿಸೆಂಬರ್ 22ರಂದು ನಮ್ಮದೇ ಅಂಗಳದಲ್ಲಿ ಗಾಫ್ ಎಡವಿದಂತೆ ನಟಿಸಿದರು, ಪಕ್ಕದಲ್ಲಿದ್ದ ಜೊತೆಗಾರ ಗಿಬ್ಸ್ ಚೆಂಡು ಜಾರಿತೆಂಬಂತೆ ನೆಲಕ್ಕೆ ಬಿದ್ದರು, ನಮ್ಮವರು ಮೋಸಹೋಗಿ ನಿಂತಾಗ ಚೆಂಡು ಹಾರಿ ಅವರದೇ ತಂಡದ ಲಪೋರ್ಟಾ ಕೈಸೇರಿ, ಆರು ಅಂಕ ತರುವ ಟಚ್‌ಡೌನ್ ಆಯಿತು. ಆ ದಿನ ಶಪಿಸಿದ ಬುದ್ಧಿಯನ್ನೇ ಆಮೇಲೆ ನಾವು ಹಾರ ಹಾಕಿ ಬರಮಾಡಿಕೊಂಡೆವು.

ಆದರೂ ಬುದ್ಧಿಯೊಂದೇ ಸಾಲದೆಂಬುದು ನನ್ನ ಅನಿಸಿಕೆಯಾಗಿತ್ತು. ಡಿ. ಜೆ. ಮೂರ್, ರೋಮ್ ಒಡುನ್ಜೆಯಂಥ ಚೆಂಡು ಹಿಡಿಯುವ ಕೈಗಳು ಆಗಲೇ ತಂಡದಲ್ಲಿದ್ದವು. ಮೊದಲು ಬೇಕಿದ್ದದ್ದು ಆ ಐದು ಜನರ ಗೋಡೆ. ಡೆಟ್ರಾಯಿಟಿನಲ್ಲಿ ಜಾನ್ಸನ್ನರಿಗೆ ಆ ಗೋಡೆ ಕಟ್ಟಿಕೊಟ್ಟಿದ್ದರು, ಇಲ್ಲಿ ಅವರೇ ಇಟ್ಟಿಗೆ ಹುಡುಕಬೇಕಿತ್ತು. ಜನವರಿ 22ರಂದು ಅವರನ್ನು ಪತ್ರಕರ್ತರ ಮುಂದೆ ಕೂರಿಸಿದ ದಿನ, ಡ್ರೈವ್‌ವೇಯಲ್ಲಿ ಹಿಮ ಗೋರುತ್ತಿದ್ದ ಪಕ್ಕದ ಮನೆಯ ಹಿರಿಯರು, 2013ರಿಂದೀಚೆಗೆ ತಾವು ನೋಡುತ್ತಿರುವ ಐದನೆಯ ಪಟ್ಟಾಭಿಷೇಕ ಇದೆಂದು ಹೇಳಿ ಮತ್ತೆ ಗುದ್ದಲಿಗೆ ಬಾಗಿದರು. ಅವರಿಗೆ ಉತ್ತರಿಸಲು ನನ್ನಲ್ಲಿ ಏನೂ ಇರಲಿಲ್ಲ.

ಆ ಶನಿವಾರ ಎಂದಿನಂತೆ ಊರಿಗೆ ಫೋನ್ ಮಾಡಿದಾಗ ಮಗಳು ಫೋನನ್ನು ಕಿತ್ತುಕೊಂಡು, ಹೊಸ ಕೋಚ್ ಬಂದ ಸುದ್ದಿಯನ್ನು, ಕ್ಯಾಲೆಬ್ ಬಿದ್ದ 68 ಸಲವನ್ನು ಒಂದೇ ಉಸಿರಿನಲ್ಲಿ ತಾತನಿಗೆ ಹೇಳಿದಳು. ಎಂಬತ್ತು ದಾಟಿದ ಅಪ್ಪನಿಗೆ ಬೇರ್ಸ್ ಎಂದರೇನೆಂದು ಗೊತ್ತಿಲ್ಲ. ಮೊಮ್ಮಗಳಿಗೆ ಶಾಲೆಯಲ್ಲಿ ಯಾರೋ ಹೊಸ ಮೇಷ್ಟ್ರು ಬಂದಿದ್ದಾರೆಂದು ತಿಳಿದಿರಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೇದಾಯ್ತು ಕಣಮ್ಮ," ಎಂದು ಆಮೇಲೆ ದನಿ ತಗ್ಗಿಸಿ ಕೇಳಿದರು: "ವರ್ಷದ ಮಧ್ಯದಲ್ಲಿ ಅವರಿಗೆ ವರ್ಗ ಗಿರ್ಗ ಆಗೋದಿಲ್ಲ ತಾನೆ?"